ಬ್ಯಾರೆಲ್‌ನ ಗಂಟಲು ಎಷ್ಟು ಉದ್ದ ಇರಬೇಕು?

ಬೇಟೆಯ ರೈಫಲ್‌ಗೆ ಹೊಸ ಬ್ಯಾರೆಲ್ ಮಾಡಿಸಲು ಹೊರಟವರು ಕ್ಯಾಲಿಬರ್, ಟ್ವಿಸ್ಟ್, ಉದ್ದ, ತೂಕ ಎಲ್ಲವನ್ನೂ ತಿಂಗಳುಗಟ್ಟಲೆ ಲೆಕ್ಕ ಹಾಕುತ್ತಾರೆ. ಗನ್‌ಸ್ಮಿತ್ ಕೊಟ್ಟ ಆರ್ಡರ್ ಫಾರಂನಲ್ಲಿ ‘ಫ್ರೀಬೋರ್ ಎಷ್ಟು?’ ಅನ್ನುವ ಸಾಲು ಬಂದಾಗ ಮಾತ್ರ ಪೆನ್ನು ನಿಂತುಬಿಡುತ್ತದೆ. ಕೆಲವರು ಸ್ಟ್ಯಾಂಡರ್ಡ್ ಇರಲಿ ಎಂದು ಬರೆಯುತ್ತಾರೆ. ಇನ್ನು ಕೆಲವರು ಟಾರ್ಗೆಟ್ ಶೂಟರ್ ಯಾರೋ ಹೇಳಿದ ಅಂಕಿಯನ್ನು ಹಾಗೇ ತುಂಬುತ್ತಾರೆ. ಬ್ಯಾರೆಲ್ ಬಂದ ಮೇಲೆ ಗೊತ್ತಾಗುತ್ತದೆ: ಬುಲೆಟ್ ರೈಫ್ಲಿಂಗ್ (ಬ್ಯಾರೆಲ್ ಒಳಗಿನ ಸುರುಳಿ ಏಣುಗಳು) ಹತ್ತಿರ ಬರಬೇಕಾದರೆ ತೋಟಾ ಮ್ಯಾಗಜೀನ್‌ಗೆ ಇಳಿಯುವುದಿಲ್ಲ, ಮ್ಯಾಗಜೀನ್‌ಗೆ ಇಳಿಸಿದರೆ ಬುಲೆಟ್ ರೈಫ್ಲಿಂಗ್‌ನಿಂದ ಮಾರು ದೂರ.

ಈ ಲೆಕ್ಕಕ್ಕೆ ಒಂದು ಕ್ರಮ ಇದೆ. ಮೊದಲು ಬುಲೆಟ್, ಆಮೇಲೆ ಮ್ಯಾಗಜೀನ್, ಕೊನೆಗೆ ಥ್ರೋಟ್, ಅಂದರೆ ಗಂಟಲು; ಫ್ರೀಬೋರ್ ಅದರದೇ ಒಂದು ಭಾಗ. ಅನುಮಾನ ಉಳಿದರೆ ಗಿಡ್ಡಕ್ಕೇ ನಿಲ್ಲಿಸಬೇಕು. ಮಕ್ಕಳ ಯೂನಿಫಾರಂ ಹೊಲಿಸುವಾಗ ಬಟ್ಟೆ ಉದ್ದ ಬಿಡಿಸುತ್ತೇವೆ, ಆಮೇಲೆ ಮಡಚಿ ಹೊಲಿಯಬಹುದು ಎಂದು. ಇಲ್ಲಿ ಅದರ ತಿರುವುಮುರುವು. ಗಿಡ್ಡವಾದ ಥ್ರೋಟನ್ನು ಹತ್ತು ನಿಮಿಷದಲ್ಲಿ ಉದ್ದ ಮಾಡಬಹುದು. ಉದ್ದವಾದದ್ದನ್ನು ಗಿಡ್ಡ ಮಾಡಬೇಕಾದರೆ ಬ್ಯಾರೆಲನ್ನೇ ಹಿಂದಿನಿಂದ ಕತ್ತರಿಸಿ ಮತ್ತೆ ಚೇಂಬರ್ (ತೋಟಾ ಕೂರುವ ಗೂಡು) ಕೊರೆಯಬೇಕು.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆಯ ಮಾತೇ ಇಲ್ಲ. ಇಲ್ಲಿ ಹೇಳುತ್ತಿರುವುದು ಅಮೆರಿಕದಲ್ಲಿ ಲೈಸೆನ್ಸ್ ಮತ್ತು ಸೀಸನ್ ನೋಡಿಕೊಂಡು ಜಿಂಕೆ, ಎಲ್ಕ್ ಬೇಟೆಗೆ ಹೋಗುವವರು, ತಮ್ಮ ತೋಟಾ ತಾವೇ ತುಂಬಿಕೊಳ್ಳುವವರು, ಬ್ಯಾರೆಲನ್ನು ಗನ್‌ಸ್ಮಿತ್‌ನಿಂದ ಮಾಡಿಸಿಕೊಳ್ಳುವವರು ಎದುರಿಸುವ ಲೆಕ್ಕ. ಅಳತೆಗಳೂ ಅಲ್ಲಿಯ ರೂಢಿಯಂತೆ ಇಂಚಿನಲ್ಲೇ ಇವೆ. ಒಂದು ಥೌ ಎಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ, 0.0254 ಮಿಲಿಮೀಟರ್. ಪೀಣ್ಯದ ಲೇತ್ ಕೆಲಸಗಾರರ ಬಾಯಲ್ಲೂ ಇದೇ ಪದ.

ಚೇಂಬರಿನಲ್ಲಿ ಕೇಸಿನ (ತೋಟಾದ ಹಿತ್ತಾಳೆ ಕೋಶ) ಕತ್ತು ಮುಗಿದ ಜಾಗದಿಂದ ರೈಫ್ಲಿಂಗ್ ಪೂರ್ಣ ಎತ್ತರಕ್ಕೆ ಏಳುವ ಜಾಗದವರೆಗಿನ ಭಾಗವೇ ಥ್ರೋಟ್, ಅಂದರೆ ಗಂಟಲು. ಅದರಲ್ಲಿ ಎರಡು ಭಾಗ. ಮೊದಲನೆಯದು ಫ್ರೀಬೋರ್: ಏಣುಗಳಿಲ್ಲದ, ಬುಲೆಟ್‌ಗಿಂತ ಕೂದಲೆಳೆಯಷ್ಟು ಅಗಲವಾದ ನೇರ ಕೊಳವೆ. ಎರಡನೆಯದು ಇಳಿಜಾರು: ಏಣುಗಳು ಸೊನ್ನೆಯಿಂದ ಶುರುವಾಗಿ ನಿಧಾನಕ್ಕೆ ಪೂರ್ತಿ ಎತ್ತರಕ್ಕೆ ಬರುವ ಕೋನದ ಭಾಗ. ಫಾರಂನಲ್ಲಿ ಕೇಳುವುದು ಫ್ರೀಬೋರ್ ಉದ್ದ. ಆದರೆ ಬುಲೆಟ್ ತಾಗುವುದು ಇಳಿಜಾರಿಗೆ. ಇವೆರಡನ್ನೂ ಒಂದೇ ಎಂದುಕೊಂಡಾಗಲೇ ಮೊದಲ ತಪ್ಪು ಆಗುವುದು.

ಇಳಿಜಾರು ಎಷ್ಟು ಉದ್ದ ಇರುತ್ತದೆ ಅನ್ನುವುದನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. 7 ಎಂಎಂ ಬ್ಯಾರೆಲ್‌ನಲ್ಲಿ ಏಣುಗಳ ನಡುವಿನ ವ್ಯಾಸ 0.277, ಬುಲೆಟ್ 0.284, ಫ್ರೀಬೋರ್ ವ್ಯಾಸ 0.2845 ಎಂದಿಟ್ಟುಕೊಳ್ಳಿ. ಒಂದು ಬದಿಗೆ ಏರಬೇಕಾದ ಎತ್ತರ 0.00375. ಒಂದೂವರೆ ಡಿಗ್ರಿ ಕೋನದಲ್ಲಿ ಅಷ್ಟು ಏರಲು 0.143 ಇಂಚು ಬೇಕು. ಕೋನ ಮೂರು ಡಿಗ್ರಿಯಾದರೆ ಅದರ ಅರ್ಧ, 0.072 ಸಾಕು. ಅಂದರೆ ಫ್ರೀಬೋರ್ ಅಂಕಿ ಒಂದೇ ಇದ್ದರೂ, ಕೋನ ಬೇರೆಯಾದರೆ ಬುಲೆಟ್ ತಾಗುವ ಜಾಗ ಬೇರೆಯಾಗುತ್ತದೆ. ರೀಮರ್ (ಚೇಂಬರ್ ಕೊರೆಯುವ ಉಪಕರಣ) ಡ್ರಾಯಿಂಗ್‌ನಲ್ಲಿ ಮೂರು ಅಂಕಿಗಳನ್ನು ಒಟ್ಟಿಗೇ ಓದಬೇಕು: ಫ್ರೀಬೋರ್ ಉದ್ದ, ಫ್ರೀಬೋರ್ ವ್ಯಾಸ, ಇಳಿಜಾರಿನ ಕೋನ. ಬೇಟೆಯ ರೈಫಲ್‌ಗೆ ಒಂದೂವರೆ ಡಿಗ್ರಿಯನ್ನು ಬದಲಿಸಲು ಕಾರಣವೇ ಕಾಣುವುದಿಲ್ಲ. ಎಲ್ಲ ಆಕಾರದ ಬುಲೆಟ್‌ಗಳ ಜೊತೆಗೂ ಅದು ಹೊಂದಿಕೊಂಡು ಹೋಗುತ್ತದೆ.

ವ್ಯಾಸದ ವಿಷಯ ಉದ್ದದಷ್ಟೇ ದೊಡ್ಡದು, ಚರ್ಚೆ ಮಾತ್ರ ಕಡಿಮೆ. 1952ರ .308 ವಿಂಚೆಸ್ಟರ್‌ನ ಅಮೆರಿಕನ್ ಸ್ಟ್ಯಾಂಡರ್ಡ್ ಚೇಂಬರ್ ನೋಡಿ: ಫ್ರೀಬೋರ್ ಉದ್ದ 0.090, ವ್ಯಾಸ 0.310. ಬುಲೆಟ್ 0.308, ಹಾಗಾಗಿ ಎರಡು ಥೌ ಸಡಿಲ. ಅರ್ಧ ಶತಮಾನದ ನಂತರ ಬಂದ 6.5 ಕ್ರೀಡ್‌ಮೋರ್‌ನಲ್ಲಿ ಉದ್ದ 0.199, ವ್ಯಾಸ 0.2645. ಬುಲೆಟ್ 0.264, ಸಡಿಲ ಬರೀ ಅರ್ಧ ಥೌ. ಹೊಸ ಕಾರ್ಟ್ರಿಜ್ ಉದ್ದನೆಯ ಗಂಟಲಿದ್ದೂ ಗುರಿ ತಪ್ಪದಿರಲು ಈ ಬಿಗಿಯೂ ಒಂದು ಮುಖ್ಯ ಕಾರಣ. ಬುಲೆಟ್ ಕೇಸನ್ನು ಬಿಟ್ಟ ಮೇಲೆ ಅದನ್ನು ನೆಟ್ಟಗೆ ಹಿಡಿದುಕೊಳ್ಳುವುದು ಫ್ರೀಬೋರ್ ಗೋಡೆ. ಗೋಡೆ ಸಡಿಲವಾಗಿದ್ದರೆ ಬುಲೆಟ್ ಓರೆಯಾಗಿ ಹೋಗಿ ಏಣುಗಳನ್ನು ಕಚ್ಚುತ್ತದೆ. ಕಸ್ಟಮ್ ರೀಮರ್‌ಗೆ ಬುಲೆಟ್‌ಗಿಂತ ಅರ್ಧ ಥೌನಿಂದ ಒಂದು ಥೌ ಹೆಚ್ಚು ವ್ಯಾಸ ಹೇಳಿದರೆ ಬೇಟೆಯ ಕೆಲಸಕ್ಕೆ ಸರಿಹೋಗುತ್ತದೆ. ರೈಫಲನ್ನು ಮೇಜಿನ ಮೇಲಿಟ್ಟು ಹೊಡೆಯುವ ಬೆಂಚ್‌ರೆಸ್ಟ್ ಸ್ಪರ್ಧಿಗಳು ಎರಡು ಮೂರು ಹತ್ತುಸಾವಿರದ ಭಾಗಕ್ಕೆ ಇಳಿಯುವುದುಂಟು. ದೂಳು, ಮಳೆ, ಮಸಿ ಕಟ್ಟಿದ ಕತ್ತು ಇರುವ ಬೇಟೆಯ ರೈಫಲ್‌ಗೆ ಅಷ್ಟು ಬಿಗಿ ತಕ್ಕುದಲ್ಲ. ಅಲ್ಲಿ ಮಸಿಯ ಉಂಗುರ ಕಟ್ಟಿಕೊಂಡರೆ ಒತ್ತಡ ಏರುತ್ತದೆ.

ಇನ್ನು ಉದ್ದ. ಹಳೆಯ ರೈಫಲ್‌ಗಳ ಗಂಟಲು ಉದ್ದವಿದ್ದದ್ದಕ್ಕೆ ಕಾರಣ ಆ ಕಾಲದ ಬುಲೆಟ್. 7×57 ಮೌಸರ್ 1890ರ ದಶಕದಲ್ಲಿ ಬಂದಾಗ ಅದರಲ್ಲಿ ಇದ್ದದ್ದು 173 ಗ್ರೇನ್‌ನ (ಸುಮಾರು 11 ಗ್ರಾಂ) ಉದ್ದನೆಯ, ದುಂಡು ಮೂತಿಯ ಬುಲೆಟ್. ಮೂತಿ ದುಂಡಗಿದ್ದರೆ ಪೂರ್ಣ ವ್ಯಾಸದ ಭಾಗ ಬಹಳ ಮುಂದಕ್ಕೆ ಚಾಚಿಕೊಂಡಿರುತ್ತದೆ, ಅದಕ್ಕೆ ಜಾಗ ಬೇಕು. ಚಂಪಾವತ್‌ನ ನರಭಕ್ಷಕ ಹುಲಿಯನ್ನು 1907ರಲ್ಲಿ ಹೊಡೆದದ್ದಕ್ಕೆ ಜಿಮ್ ಕಾರ್ಬೆಟ್‌ಗೆ ಉಡುಗೊರೆಯಾಗಿ ಸಿಕ್ಕ .275 ರಿಗ್ಬಿ ಕೂಡ ಇದೇ 7×57. ಅಂಥ ಹಳೆಯ ಉದ್ದ ಗಂಟಲಿಗೆ ಇವತ್ತಿನ 140 ಗ್ರೇನ್‌ನ ಚೂಪು ಬುಲೆಟ್ ಹಾಕಿದರೆ ಅದು ಏಣು ಮುಟ್ಟುವ ಮೊದಲು ಬಹಳ ದೂರ ಹಾರಬೇಕು.

ಉದ್ದೇಶಪೂರ್ವಕವಾಗಿ ಗಂಟಲು ಉದ್ದ ಮಾಡಿದವರೂ ಇದ್ದಾರೆ. 1945ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಂಪನಿ ಕಟ್ಟಿದ ರಾಯ್ ವೆದರ್ಬಿ ತಮ್ಮ ಮ್ಯಾಗ್ನಂಗಳಿಗೆ ಮೂರನೇ ಒಂದು ಇಂಚಿಗೂ ಮೀರಿದ ಫ್ರೀಬೋರ್ ಕೊಟ್ಟರು. ಬುಲೆಟ್ ಏಣುಗಳನ್ನು ಕಚ್ಚುವ ಮೊದಲೇ ಓಡಲು ಶುರುಮಾಡುವುದರಿಂದ ಒತ್ತಡ ಏರುವ ವೇಗ ತಗ್ಗುತ್ತದೆ, ಅದೇ ಮಿತಿಯೊಳಗೆ ಇನ್ನಷ್ಟು ಮದ್ದು ಹಾಕಬಹುದು, ವೇಗ ಹೆಚ್ಚುತ್ತದೆ. ಇದರಿಂದ ಬರುವ ಅಪಾಯವನ್ನು ಮರೆಯಬಾರದು. ಉದ್ದ ಗಂಟಲಿನ ರೈಫಲ್‌ನಲ್ಲಿ ಕಂಡುಕೊಂಡ ಮದ್ದಿನ ತೂಕವನ್ನು ಅದೇ ಕಾರ್ಟ್ರಿಜ್‌ನ ಗಿಡ್ಡ ಗಂಟಲಿನ ಬ್ಯಾರೆಲ್‌ಗೆ ಹಾಗೇ ಹಾಕಿದರೆ ಒತ್ತಡ ಮಿತಿ ಮೀರುತ್ತದೆ. ಬ್ಯಾರೆಲ್ ಬದಲಾದರೆ ಲೋಡನ್ನು ಕೆಳಗಿನಿಂದ ಮತ್ತೆ ಶುರುಮಾಡಲೇಬೇಕು, ಟ್ವಿಸ್ಟೂ ಉದ್ದವೂ ಹಳೆಯದರಷ್ಟೇ ಇದ್ದರೂ ಸರಿ.

ಈಗ ಲೆಕ್ಕಕ್ಕೆ ಬರೋಣ. ಬುಲೆಟ್ ಆರಿಸಿಕೊಂಡ ಮೇಲೆ ಮೊದಲು ಮಾಡಬೇಕಾದದ್ದು ಮ್ಯಾಗಜೀನ್ ಅಳೆಯುವುದು. ಕ್ಯಾಟಲಾಗಿನ ಅಂಕಿ ನಂಬಬೇಡಿ. ಕ್ಯಾಲಿಪರ್‌ನ ಒಳದವಡೆಯಿಂದ ಮುಂಗೋಡೆ ಹಿಂಗೋಡೆಗಳ ನಡುವಿನ ಅಂತರವನ್ನು ಮೇಲೆ, ಕೆಳಗೆ ಎರಡೂ ಕಡೆ ಅಳೆಯಿರಿ. ಮುಂಗೋಡೆ ಓರೆ ಇರುವ ಪೆಟ್ಟಿಗೆಗಳಿವೆ, ಒಳಗೆ ಹೆಚ್ಚುವರಿ ತಗಡು ಇರುವವೂ ಇವೆ. ಎಲ್ಲಿ ಕಡಿಮೆಯೋ ಅದೇ ನಿಮ್ಮ ಅಳತೆ. ಅದರಿಂದ 0.030 ಕಳೆಯಿರಿ. ಹೊಡೆತದ ಹಿನ್ನೂಕಿಗೆ ಪೆಟ್ಟಿಗೆಯೊಳಗಿನ ತೋಟಾಗಳು ಮುಂದಕ್ಕೆ ಜಾರಿ ಮೂತಿ ಗೋಡೆಗೆ ಬಡಿಯುತ್ತದೆ. ಪ್ಲಾಸ್ಟಿಕ್ ಮೂತಿಯಾದರೆ ಜಜ್ಜಿಹೋಗುತ್ತದೆ. ಫೀಡ್ ಆಗುವಾಗ ತೋಟಾದ ಮೂತಿ ಎದ್ದು ಓರೆಯಾಗುವುದಕ್ಕೂ ಆ ಜಾಗ ಬೇಕು. ಹೀಗೆ ಕಳೆದು ಬಂದದ್ದು ತೋಟಾದ ಗರಿಷ್ಠ ಒಟ್ಟು ಉದ್ದ.

ಎರಡನೆಯದು ಕತ್ತು. ಬುಲೆಟ್‌ನ ಪೂರ್ಣ ವ್ಯಾಸದ ಭಾಗ ಹಿಂದೆ ಮುಗಿಯುವ ಜಾಗ, ಅಂದರೆ ಬೋಟ್‌ಟೇಲ್ (ಹಿಂದೆ ಸಣ್ಣಗಾಗುತ್ತ ಹೋಗುವ ಬಾಲ) ಶುರುವಾಗುವ ಗೆರೆ, ಕೇಸಿನ ಕತ್ತು ಮತ್ತು ಭುಜ ಸೇರುವ ಜಾಗಕ್ಕಿಂತ ಸ್ವಲ್ಪ ಮೇಲೆ ಬರಬೇಕು. ಹಲವು ಸಲ ಹೊಡೆದು ಸೈಜ್ ಮಾಡಿದ (ಅಚ್ಚಿಗೆ ಹಾಕಿ ಹಳೆಯ ಅಳತೆಗೆ ತಂದ) ಕೇಸಿನಲ್ಲಿ ಆ ಕೂಡುಜಾಗದ ಒಳಗಡೆ ಹಿತ್ತಾಳೆ ದಪ್ಪಗಾಗಿ ಒಂದು ಉಂಗುರ ಕಟ್ಟುತ್ತದೆ. ಡೋನಟ್ ಅನ್ನುವುದು ಇದನ್ನೇ. ಬುಲೆಟ್‌ನ ದಪ್ಪ ಭಾಗ ಅದರೊಳಗೆ ಇಳಿದರೆ ಒಂದು ಕೇಸ್ ಬಿಗಿಯಾಗಿ ಹಿಡಿಯುತ್ತದೆ, ಇನ್ನೊಂದು ಸಡಿಲ. ಒಂದರಿಂದ ಒಂದಕ್ಕೆ ವೇಗ ಬದಲಾಗುತ್ತದೆ. ಕತ್ತಿನೊಳಗೆ ಕಡಿಮೆಯೆಂದರೆ ಕ್ಯಾಲಿಬರ್‌ನ ಮುಕ್ಕಾಲು ಭಾಗದಷ್ಟಾದರೂ ಬುಲೆಟ್ ಇರಬೇಕು, ಒಂದು ಕ್ಯಾಲಿಬರ್‌ನಷ್ಟಿದ್ದರೆ ನಿಶ್ಚಿಂತೆ. ಬೇಟೆಯ ತೋಟಾ ಜೇಬಿನಲ್ಲಿ, ಜೀಪಿನಲ್ಲಿ ಕುಲುಕುತ್ತಿರುತ್ತದೆ. ಬುಲೆಟ್ ಸಡಿಲವಾಗಿ ಕೂತಿದ್ದರೆ ಅದರ ಜಾಗ ತಪ್ಪುತ್ತದೆ.

ಒಂದು ನಿಜವಾದ ಸಂಯೋಜನೆ ಹಿಡಿಯೋಣ: 7 ಎಂಎಂ ಬುಲೆಟ್‌ನ .280 ಆಕ್ಲಿ ಇಂಪ್ರೂವ್ಡ್ ಕಾರ್ಟ್ರಿಜ್, ಲಾಂಗ್ ಆ್ಯಕ್ಷನ್ (ಉದ್ದ ತೋಟಾಗಳಿಗೆ ಮಾಡಿದ ಬೋಲ್ಟ್ ಯಂತ್ರ). ಕೇಸಿನ ಗರಿಷ್ಠ ಉದ್ದ 2.525, ಟ್ರಿಮ್ ಮಾಡಿದ ಮೇಲೆ 2.515. ಕತ್ತು ಸುಮಾರು 0.32 ಉದ್ದ, ಹಾಗಾಗಿ ಕತ್ತು ಭುಜಗಳ ಕೂಡುಜಾಗ ಕೇಸಿನ ತಳದಿಂದ ಹೆಚ್ಚುಕಡಿಮೆ 2.195ರಲ್ಲಿ. ಇನ್ನು ಮುಂದಿನ ಅಂಕಿಗಳು ಲೆಕ್ಕದ ದಾರಿ ತೋರಿಸಲು ಮಾತ್ರ. ನಿಮ್ಮ ಬುಲೆಟ್, ನಿಮ್ಮ ಪೆಟ್ಟಿಗೆಯನ್ನು ನೀವೇ ಅಳೆದು ಹಾಕಿಕೊಳ್ಳಬೇಕು. ಮ್ಯಾಗಜೀನ್ ಒಳ ಅಳತೆ 3.600, ಕಳೆದರೆ 3.570. ಬುಲೆಟ್ ಉದ್ದ 1.450, ಬೋಟ್‌ಟೇಲ್ 0.190, ತಳದಿಂದ ಕಂಪೇರೇಟರ್ (ಬುಲೆಟ್ ಮೂತಿಯ ಮೇಲೆ ಕೂರಿಸಿ ಅಳೆಯುವ, ತೂತಿರುವ ಗೇಜ್) ಕೂರುವ ಜಾಗದವರೆಗೆ 0.760.

ಬೋಟ್‌ಟೇಲ್ ಗೆರೆ ಕೂಡುಜಾಗದಿಂದ 20 ಥೌ ಮೇಲೆ, ಅಂದರೆ 2.215ರಲ್ಲಿ ನಿಲ್ಲಲಿ. ಕತ್ತಿನ ಹಿಡಿತ 0.300, ಒಂದು ಕ್ಯಾಲಿಬರ್‌ಗಿಂತ ತುಸು ಹೆಚ್ಚು. ಬುಲೆಟ್‌ನ ತಳ 2.025ಕ್ಕೆ ಬಂತು. ತುದಿ 3.475ಕ್ಕೆ. ಮ್ಯಾಗಜೀನ್ ಮಿತಿ 3.570, ಅಂದರೆ ಇನ್ನೂ 95 ಥೌ ಮಿಕ್ಕಿದೆ. ಕೇಸಿನ ತಳದಿಂದ ಕಂಪೇರೇಟರ್ ಅಳತೆ 2.025ಕ್ಕೆ 0.760 ಸೇರಿ 2.785. ನಮಗೆ 50 ಥೌ ಜಂಪ್ (ಏಣು ಮುಟ್ಟುವ ಮೊದಲು ಬುಲೆಟ್ ಹಾರುವ ದೂರ) ಬೇಕು ಎಂದರೆ ಏಣು ಈ ಬುಲೆಟ್‌ಗೆ ತಾಗಬೇಕಾದದ್ದು 2.835ರಲ್ಲಿ. ಗನ್‌ಸ್ಮಿತ್‌ಗೆ ಬೇಕಾದ ಅಂಕಿ ಇದೇ. ಅವರ ಬಳಿ ಇರುವ ರೀಮರ್ ಕೊರೆದ ಚೇಂಬರಿನಲ್ಲಿ ಇದೇ ಬುಲೆಟ್ 2.790ರಲ್ಲಿ ತಾಗುತ್ತಿದ್ದರೆ, ಥ್ರೋಟ್ ಇನ್ನು 45 ಥೌ ಮುಂದಕ್ಕೆ ಹೋಗಬೇಕು.

ಇಷ್ಟಕ್ಕೆ ನಿಲ್ಲಿಸಬಾರದು. ಮುಂದೆಂದಾದರೂ ಹೊಡೆಯಬಹುದಾದ ಅತಿ ಗಿಡ್ಡ ಬುಲೆಟನ್ನೂ ಇದೇ ಲೆಕ್ಕಕ್ಕೆ ಹಾಕಿ. ಅದರ ಬೋಟ್‌ಟೇಲ್ ಗೆರೆಯಿಂದ ಕಂಪೇರೇಟರ್ ಜಾಗದವರೆಗಿನ ಅಂತರ ಮೊದಲಿನದಕ್ಕಿಂತ 80 ಥೌ ಕಡಿಮೆ ಇದೆ ಎನ್ನಿ. ಅದೇ 50 ಥೌ ಜಂಪ್‌ಗೆ ಕೂರಿಸಿದರೆ ಕತ್ತಿನ ಹಿಡಿತ 0.220. ಕ್ಯಾಲಿಬರ್‌ನ ಮುಕ್ಕಾಲು ಭಾಗ 0.213. ಪಾಸಾಯಿತು, ಆದರೆ ಅಂಚಿನಲ್ಲಿ. ಇದಕ್ಕಿಂತ ಥ್ರೋಟ್ ಉದ್ದ ಮಾಡಿದ್ದರೆ ಆ ಬುಲೆಟನ್ನು ಬಿಟ್ಟುಕೊಡಬೇಕಿತ್ತು, ಇಲ್ಲವೇ ಹೆಚ್ಚು ಜಂಪ್ ಒಪ್ಪಿಕೊಳ್ಳಬೇಕಿತ್ತು.

ಜಂಪ್ 50 ಥೌ ಯಾಕೆ? ಬುಲೆಟ್ ನೋಡಿ ಹೇಳಬೇಕಾದ ಮಾತಿದು. ಪೂರ್ತಿ ತಾಮ್ರದ ಬುಲೆಟ್‌ಗಳಿಗೆ ಬಾರ್ನ್ಸ್ ಕಂಪನಿಯೇ 0.050ರಿಂದ ಶುರುಮಾಡಿ ಅನ್ನುತ್ತದೆ. ತಾಮ್ರ ಸೀಸದಷ್ಟು ಮೆತ್ತಗಿಲ್ಲ, ಏಣು ಅದನ್ನು ಕೊರೆಯಲು ಹೆಚ್ಚು ಬಲ ಬೇಕು, ಓಡಿಬಂದು ಕಚ್ಚಿದರೆ ಒತ್ತಡ ಮೃದುವಾಗಿ ಏರುತ್ತದೆ. ತಾಮ್ರದ ಸಾಂದ್ರತೆ ಸೀಸಕ್ಕಿಂತ ಕಡಿಮೆ ಇರುವುದರಿಂದ ಅದೇ ತೂಕಕ್ಕೆ ಬುಲೆಟ್ ಉದ್ದವೂ ಆಗುತ್ತದೆ, ಕೇಸಿನೊಳಗೆ ಜಾಗ ತಿನ್ನುತ್ತದೆ. ಸೀಕೆಂಟ್ ಆಕಾರದ (ಮೂತಿಯ ಬಾಗು ಥಟ್ಟನೆ ಕೋನ ಮಾಡಿ ಶುರುವಾಗುವ) ಉದ್ದ ಮೂತಿಯ ಬುಲೆಟ್‌ಗಳು ಯಾವ ಜಂಪ್‌ಗೆ ಒಗ್ಗುತ್ತವೆ ಎಂದು ಮೊದಲೇ ಹೇಳಲಾಗದು. ಅಂಥವನ್ನು ಮಾಡುವ ಬರ್ಗರ್ ಕಂಪನಿ ಬೇಟೆಗಾರರಿಗೆ ಸೂಚಿಸುವ ಪರೀಕ್ಷೆ 0.010, 0.050, 0.090, 0.130 ಹೀಗೆ ನಾಲ್ಕು ಜಂಪ್‌ಗಳಲ್ಲಿ. ಎಲ್ಲಿ ಗುಂಡುಗಳು ಒಟ್ಟುಗೂಡುತ್ತವೋ ಅದರ ಸುತ್ತಮುತ್ತ ಆಮೇಲೆ ಸೂಕ್ಷ್ಮ ಹೊಂದಿಸುವುದು. ಮೇಲಿನ ಲೆಕ್ಕದ ಥ್ರೋಟ್‌ನಲ್ಲಿ ಈ ನಾಲ್ಕೂ ಸಾಧ್ಯ: 10 ಥೌ ಜಂಪ್‌ಗೆ ತೋಟಾ 3.515, ಮ್ಯಾಗಜೀನ್ ಮಿತಿಯೊಳಗೇ ಇದೆ. 130ಕ್ಕೆ 3.395. ಆಗ ಬುಲೆಟ್‌ನ ದಪ್ಪ ಭಾಗ ಕೂಡುಜಾಗದಿಂದ 60 ಥೌ ಕೆಳಗಿಳಿಯುತ್ತದೆ. ಆ ಜಂಪ್‌ನಲ್ಲಿ ಗುರಿ ಚೆನ್ನಾಗಿದ್ದರೆ ಕತ್ತಿನ ಒಳಭಾಗವನ್ನು ರೀಮ್ ಮಾಡಿ ಉಂಗುರ ತೆಗೆದುಕೊಳ್ಳಬಹುದು. ಎರಡೂ ಕಡೆಗೆ ಹೀಗೆ ಕೈಯಾಡುವ ಥ್ರೋಟೇ ಒಳ್ಳೆಯ ಥ್ರೋಟ್.

ಶಾರ್ಟ್ ಆ್ಯಕ್ಷನ್‌ನಲ್ಲಿ ಕಥೆ ಬೇರೆ. ಅಲ್ಲಿ ಕತ್ತಿಗಿಂತ ಮೊದಲು ಮ್ಯಾಗಜೀನ್ ಅಡ್ಡ ಬರುತ್ತದೆ. 6.5 ಕ್ರೀಡ್‌ಮೋರ್‌ನ ಗರಿಷ್ಠ ಉದ್ದ 2.825, ಸಾಮಾನ್ಯ ಪೆಟ್ಟಿಗೆಗಳಲ್ಲಿ 2.850ರ ಆಸುಪಾಸು ಜಾಗ. ಫ್ರೀಬೋರ್ 0.199 ಆಗಲೇ ಧಾರಾಳವಾಗಿದೆ. ಇದಕ್ಕೆ ಥ್ರೋಟ್ ಇನ್ನೂ ಉದ್ದ ಬೇಕು ಎಂದು ಕೇಳುವುದರಲ್ಲಿ ಅರ್ಥವಿಲ್ಲ, ಬುಲೆಟ್ ಅಲ್ಲಿಗೆ ಹೋಗಲು ಪೆಟ್ಟಿಗೆ ಬಿಡುವುದಿಲ್ಲ. ಉದ್ದ ಬೇಕೇ ಬೇಕು ಅನ್ನುವವರು ಮೊದಲು ಉದ್ದನೆಯ ಮ್ಯಾಗಜೀನ್ ಪೆಟ್ಟಿಗೆ ಹಾಕಿಸಿಕೊಂಡು, ಅದರಲ್ಲಿ ತೋಟಾ ಸರಾಗವಾಗಿ ಫೀಡ್ ಆಗುತ್ತದೆ ಎಂದು ಖಚಿತ ಮಾಡಿಕೊಂಡು, ಆಮೇಲೆ ಥ್ರೋಟ್ ಕೊರೆಸಬೇಕು. ಉದ್ದ ತೋಟಾ ಒಳಗೆ ಹೋದರಷ್ಟೇ ಸಾಲದು, ಹೊಡೆಯದ ತೋಟಾವನ್ನು ಹೊರಗೆಳೆಯುವಾಗ ಎಜೆಕ್ಷನ್ ಕಿಂಡಿಯಿಂದ ಅದು ಹೊರಬೀಳಬೇಕು ಅನ್ನುವುದನ್ನೂ ನೋಡಿಕೊಳ್ಳಬೇಕು.

ಸ್ಪರ್ಧೆಯವರು ಗಿಡ್ಡ ಫ್ರೀಬೋರ್ ಕೇಳುವುದಕ್ಕೆ ಅವರದೇ ಕಾರಣ ಇದೆ. ಸಾವಿರಗಟ್ಟಲೆ ಗುಂಡು ಹೊಡೆಯುವ ಬ್ಯಾರೆಲ್‌ನಲ್ಲಿ ಬಿಸಿ ಅನಿಲ ಥ್ರೋಟನ್ನು ತಿಂದು ಮುಂದೆ ಮುಂದೆ ತಳ್ಳುತ್ತದೆ, ಅದನ್ನು ಹಿಂಬಾಲಿಸಲು ಮ್ಯಾಗಜೀನ್‌ನಲ್ಲಿ ಜಾಗ ಉಳಿಸಿಕೊಳ್ಳುತ್ತಾರೆ. ವರ್ಷಕ್ಕೆ ಐವತ್ತು ಅರವತ್ತು ಗುಂಡು ಹೊಡೆಯುವ ಬೇಟೆಯ ರೈಫಲ್‌ಗೆ ಆ ಲೆಕ್ಕ ಬೇಡ. ಅಷ್ಟರಮಟ್ಟಿಗೆ ಅವರ ಅಂಕಿಯನ್ನು ನಕಲು ಮಾಡುವುದು ತಪ್ಪು.

ಬೇಟೆಗೆ ಇನ್ನೊಂದು ಕಟ್ಟುನಿಟ್ಟಿನ ಗೆರೆ ಇದೆ. ಲೋಡ್ ಯಾವುದೇ ಆಗಲಿ, ಕಾಡಿಗೆ ಒಯ್ಯುವ ತೋಟಾಕ್ಕೆ ಕನಿಷ್ಠ 20 ಥೌ ಜಂಪ್ ಇರಲೇಬೇಕು. ಏಣುಗಳಿಗೆ ಒತ್ತಿ ಕೂತ ಬುಲೆಟ್ ಇರುವ ತೋಟಾವನ್ನು ಸಂಜೆ ಹೊಡೆಯದೆ ಹೊರಗೆಳೆದರೆ ಏನಾಗುತ್ತದೆ ನೋಡಿ: ಬುಲೆಟ್ ಏಣುಗಳಲ್ಲಿ ಸಿಕ್ಕಿ ಅಲ್ಲೇ ಉಳಿಯುತ್ತದೆ, ಕೇಸ್ ಮಾತ್ರ ಈಚೆ ಬರುತ್ತದೆ, ಒಳಗಿದ್ದ ಮದ್ದೆಲ್ಲ ಲಗ್‌ಗಳ ಸಂದಿಗೆ, ಟ್ರಿಗರ್ ಗೂಡಿಗೆ ಸುರಿಯುತ್ತದೆ. ಬ್ಯಾರೆಲ್ ಮೂತಿಯ ಕಡೆಯಿಂದ ಕ್ಲೀನಿಂಗ್ ರಾಡ್ ಹಾಕಿ ಬುಲೆಟ್ ನೂಕಿ, ಟ್ರಿಗರ್‌ನಿಂದ ಮದ್ದಿನ ಕಾಳು ಒಂದೊಂದಾಗಿ ಊದಿ ತೆಗೆಯುವವರೆಗೆ ಆ ರೈಫಲ್ ಕೆಲಸಕ್ಕಿಲ್ಲ. ಬುಲೆಟ್ ಒಳಗಿದೆ ಎಂದು ಗಮನಿಸದೆ ಇನ್ನೊಂದು ತೋಟಾ ತಳ್ಳಲು ಹೋಗುವುದು ಇದಕ್ಕಿಂತ ಭಯಂಕರ. ಬುಲೆಟ್‌ಗಳು ಲಾಟ್‌ನಿಂದ ಲಾಟ್‌ಗೆ ಕೆಲವು ಥೌ ಹೆಚ್ಚುಕಡಿಮೆ ಬರುತ್ತವೆ, ಕೂರಿಸುವಾಗಲೂ ಒಂದೆರಡು ಥೌ ತಪ್ಪುತ್ತದೆ. ಆ 20 ಥೌ ಇರುವುದು ಈ ವ್ಯತ್ಯಾಸಗಳನ್ನು ನುಂಗಿಕೊಳ್ಳಲಿಕ್ಕೆ.

ಗನ್‌ಸ್ಮಿತ್‌ಗೆ ಅಂಕಿ ಬರೆದು ಕೊಟ್ಟರೆ ಸಾಲದು, ಡಮ್ಮಿ ತೋಟಾ ಕೊಡಬೇಕು. ನೀವು ಬಳಸುವ ಅದೇ ಬ್ರ್ಯಾಂಡಿನ ಕೇಸ್, ಸೈಜ್ ಮಾಡಿ ಟ್ರಿಮ್ ಮಾಡಿದ್ದು, ಪ್ರೈಮರ್ ಇಲ್ಲ, ಮದ್ದು ಇಲ್ಲ, ಬುಲೆಟ್ ನಿಮ್ಮ ಲೆಕ್ಕದ ಜಾಗದಲ್ಲಿ ಕೂರಿಸಿದ್ದು. ಅಂಥವು ಮೂರು. ಪಕ್ಕದಲ್ಲಿ ಒಂದು ರಂಧ್ರ ಕೊರೆದಿದ್ದರೆ ಡಮ್ಮಿ ಎಂದು ಯಾರಿಗಾದರೂ ತಿಳಿಯುತ್ತದೆ. ಜೊತೆಗೆ ಒಂದು ಚೀಟಿ: ‘ಈ ತೋಟಾ ಚೇಂಬರಿನಲ್ಲಿ ಕೂತಾಗ ಏಣುಗಳಿಗೆ 50 ಥೌ ಅಂತರ ಇರಬೇಕು.’ ಹೊಸ ರೀಮರ್ ಮಾಡಿಸುವುದಾದರೆ ಇದೇ ಡಮ್ಮಿಗಳನ್ನು ರೀಮರ್ ತಯಾರಕರಿಗೆ ಕಳಿಸಿದರೆ ಫ್ರೀಬೋರ್ ಉದ್ದವನ್ನು ಅವರೇ ತೆಗೆದು ಡ್ರಾಯಿಂಗ್ ಕಳಿಸುತ್ತಾರೆ. ಕಂಪೇರೇಟರ್ ಅಂಕಿಗಳನ್ನಷ್ಟೇ ಫೋನಿನಲ್ಲಿ ಹೇಳುವುದು ಮೋಸಹೋಗುವ ದಾರಿ. ಕಂಪೇರೇಟರ್‌ನ ತೂತಿನ ಅಂಚು ಬುಲೆಟನ್ನು ಮುಟ್ಟುವ ಜಾಗ ಬೇರೆ, ಇಳಿಜಾರು ಮುಟ್ಟುವ ಜಾಗ ಬೇರೆ. ಟ್ಯಾಂಜೆಂಟ್ ಆಕಾರದ (ಮೂತಿ ನುಣ್ಣಗೆ ಬಾಗುವ) ಬುಲೆಟ್ ಒಂದೂವರೆ ಡಿಗ್ರಿಯ ಇಳಿಜಾರಿಗೆ ತಾಗುವುದು ಪೂರ್ಣ ವ್ಯಾಸಕ್ಕಿಂತ ಬರೀ ಒಂದೆರಡು ಥೌ ಸಣಕಲಾದ ಕಡೆ. ಕಂಪೇರೇಟರ್ ಅದಕ್ಕಿಂತ ಮುಂದೆ ಕೂರುತ್ತದೆ. ಒಂದೇ ಕಂಪೇರೇಟರ್, ಒಂದೇ ಬುಲೆಟ್ ಇರುವಾಗ ಅಂಕಿಗಳ ವ್ಯತ್ಯಾಸ ನಂಬಬಹುದು. ಗನ್‌ಸ್ಮಿತ್‌ನ ಕಂಪೇರೇಟರ್ ನಿಮ್ಮದಕ್ಕಿಂತ ಎರಡು ಥೌ ದೊಡ್ಡದಿದ್ದರೆ ಅಂಕಿಯೇ ಬೇರೆ ಬರುತ್ತದೆ.

ಕೊರೆಯುವ ಕ್ರಮದಲ್ಲಿ ಥ್ರೋಟ್ ಕೊನೆಗೆ. ಮೊದಲು ಗಿಡ್ಡ ಥ್ರೋಟ್ ಇರುವ ಚೇಂಬರ್ ರೀಮರ್‌ನಿಂದ ಚೇಂಬರ್ ಮುಗಿಸಿ, ಗೋ ಗೇಜ್ ಹಾಕಿ ಹೆಡ್‌ಸ್ಪೇಸ್ (ಬೋಲ್ಟ್‌ನಿಂದ ಕೇಸಿನ ಭುಜ ನಿಲ್ಲುವ ಜಾಗದವರೆಗಿನ ಅಂತರ) ಖಚಿತ ಮಾಡಿಕೊಂಡು, ಆಮೇಲೆ ಥ್ರೋಟಿಂಗ್ ರೀಮರ್. ಹೆಡ್‌ಸ್ಪೇಸ್ ನಂತರ ಬದಲಾದರೆ ಥ್ರೋಟ್ ಲೆಕ್ಕವೂ ಅಷ್ಟೇ ಬದಲಾಗುತ್ತದೆ. ರೀಮರ್‌ನ ಮುಂದಿನ ಪೈಲಟ್ ಏಣುಗಳ ಮೇಲೆ ಆಟವಿಲ್ಲದೆ, ಆದರೆ ಸಲೀಸಾಗಿ ಜಾರಬೇಕು. ಅದಕ್ಕೇ ಅರ್ಧ ಥೌಗಿಂತ ಸಣ್ಣ ಅಂತರದ ಪೈಲಟ್ ಬುಷಿಂಗ್‌ಗಳು ಸಾಲಾಗಿ ಬರುತ್ತವೆ, ಒಂದೊಂದಾಗಿ ಹಾಕಿ ನೋಡಿ ಆರಿಸುವುದು. ಈ ಕೆಲಸ ಕೈಯಲ್ಲೇ ತಿರುಗಿಸಿ ಮಾಡುವಂಥದ್ದು. ಹತ್ತು ಥೌ ಕೊರೆದು, ತಿರುಗಿಸುತ್ತಲೇ ಹೊರಗೆಳೆದು, ಚೂರು ಒರೆಸಿ, ಕಟಿಂಗ್ ಆಯಿಲ್ ಹಾಕಿ ಮತ್ತೆ. ಕೊನೆಯ ಹತ್ತು ಥೌ ಬಂದಾಗ ಎರಡೆರಡೇ ಥೌ. ಹಿಮ್ಮುಖವಾಗಿ ತಿರುಗಿಸಲೇಬಾರದು, ಅಂಚು ಮೊಂಡಾಗುತ್ತದೆ, ಉಕ್ಕಿನ ಚೂರು ಅಂಚಿಗೂ ಗೋಡೆಗೂ ನಡುವೆ ಸಿಕ್ಕಿ ಥ್ರೋಟ್‌ನಲ್ಲಿ ಉಂಗುರದಂಥ ಗೀರು ಎಳೆಯುತ್ತದೆ. ಪ್ರತಿ ಗುಂಡೂ ಆ ಗೀರಿನ ಮೇಲೆ ಉಜ್ಜಿ ತಾಮ್ರ ಬಿಟ್ಟುಹೋಗುತ್ತದೆ.

ರೈಫಲ್ ಕೈಗೆ ಬಂದ ದಿನ ಮಾಡಬೇಕಾದ ಪರೀಕ್ಷೆ ಒಂದಿದೆ. ಬೋಲ್ಟ್‌ನಿಂದ ಫೈರಿಂಗ್ ಪಿನ್ ಜೋಡಣೆಯನ್ನೂ ಎಜೆಕ್ಟರನ್ನೂ ತೆಗೆಯಿರಿ. ಖಾಲಿ ಚೇಂಬರಿನಲ್ಲಿ ಬೋಲ್ಟ್ ಹಿಡಿಕೆ ತನ್ನ ಭಾರಕ್ಕೇ ಕೆಳಗೆ ಬೀಳಬೇಕು. ಈಗ ಬುಲೆಟನ್ನು ಬೇಕೆಂದೇ ಉದ್ದ ಕೂರಿಸಿದ ಡಮ್ಮಿ ಹಾಕಿ ಮುಚ್ಚಿ. ಹಿಡಿಕೆ ಎತ್ತುವಾಗ ಬುಲೆಟ್ ಏಣುಗಳಿಂದ ಬಿಡಿಸಿಕೊಳ್ಳುವ ಸಣ್ಣ ‘ಟಿಕ್’ ಬೆರಳಿಗೆ ತಿಳಿಯುತ್ತದೆ. ಎರಡೆರಡು ಥೌ ಒಳಗೆ ಕೂರಿಸುತ್ತ ಹೋಗಿ. ಟಿಕ್ ನಿಂತ ಅಳತೆಯೇ ನಿಮ್ಮ ಬುಲೆಟ್ ಏಣಿಗೆ ತಾಗುವ ಜಾಗ. ಅದೇ ಡಬ್ಬಿಯ ಐದು ಬುಲೆಟ್‌ಗಳಲ್ಲಿ ಇದನ್ನು ಮಾಡಿ ಸರಾಸರಿ ತೆಗೆಯಿರಿ. ರಾಡ್ ತಳ್ಳಿ ಅಳೆಯುವ ಗೇಜ್‌ಗಳಿಗಿಂತ ಇದು ನಂಬಿಕಸ್ತ. ಅಲ್ಲಿ ಕೈಯ ಒತ್ತಡ ಸ್ವಲ್ಪ ಹೆಚ್ಚಾದರೂ ಬುಲೆಟ್ ಇಳಿಜಾರಿನಲ್ಲಿ ಜಾರಿ ಮುಂದೆ ಹೋಗಿರುತ್ತದೆ.

ಇದೇ ಹೊತ್ತಿಗೆ ಥ್ರೋಟ್ ನೆಟ್ಟಗಿದೆಯೇ ಅಂತಲೂ ನೋಡಿಬಿಡಿ. ಬುಲೆಟ್‌ಗೆ ಕಪ್ಪು ಮಾರ್ಕರ್ ಬಳಿದು, ತಾಗುವ ಜಾಗಕ್ಕಿಂತ ಐದು ಥೌ ಉದ್ದ ಕೂರಿಸಿ, ಮುಚ್ಚಿ ತೆರೆಯಿರಿ. ಆರು ಏಣಿನ ಬ್ಯಾರೆಲ್ ಆದರೆ ಬುಲೆಟ್ ಸುತ್ತ ಆರು ಪುಟ್ಟ ಹೊಳೆಯುವ ಚೌಕಗಳು ಮೂಡುತ್ತವೆ, ಅಕ್ಕಿಕಾಳಿನ ತುದಿಯಷ್ಟು. ಲೆನ್ಸ್ ಹಿಡಿದು ಎಣಿಸಿ. ಆರೂ ಒಂದೇ ಉದ್ದ ಇದ್ದರೆ ಕೆಲಸ ಚೆನ್ನಾಗಿದೆ. ಒಂದು ಬದಿಯ ಮೂರು ಉದ್ದ, ಎದುರು ಬದಿಯ ಮೂರು ಗಿಡ್ಡ ಅಥವಾ ಮಾಯವಾಗಿದ್ದರೆ ಥ್ರೋಟ್ ಬೋರ್‌ನ ನಡುವಿನಿಂದ ಸರಿದಿದೆ. ಡಮ್ಮಿಯನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಹಾಕಿ. ಉದ್ದ ಗುರುತು ಬುಲೆಟ್ ಜೊತೆ ತಿರುಗಿದರೆ ತಪ್ಪು ಓರೆ ಕೂತ ಬುಲೆಟ್‌ನದು, ಚೇಂಬರಿನ ಅದೇ ಬದಿಯಲ್ಲೇ ಉಳಿದರೆ ಬ್ಯಾರೆಲ್‌ನದು. ಬ್ಯಾರೆಲ್‌ನದು ಎಂದಾದರೆ ಒಂದು ಗುಂಡನ್ನೂ ಹೊಡೆಯದೆ ವಾಪಸ್ ಕಳಿಸಿ.

ಥ್ರೋಟ್ ಉದ್ದವಾಗಿಹೋಗಿದ್ದರೆ ಉಳಿದ ದಾರಿ ಸೆಟ್‌ಬ್ಯಾಕ್. ರೆಮಿಂಗ್ಟನ್ 700 ಮಾದರಿಯ ಬ್ಯಾರೆಲ್ ಥ್ರೆಡ್ ಇಂಚಿಗೆ 16 ಸುತ್ತು. ಹಾಗಾಗಿ ಒಂದು ಪೂರ್ತಿ ಸುತ್ತಿಗೆ 0.0625. ಬ್ಯಾರೆಲ್‌ನ ಭುಜವನ್ನೂ ಹಿಂಬದಿಯನ್ನೂ ಸರಿಯಾಗಿ ಅಷ್ಟೇ ಕತ್ತರಿಸಿದರೆ ಬ್ಯಾರೆಲ್ ಮೇಲಿನ ಅಕ್ಷರ, ಮೂತಿಯ ಬ್ರೇಕ್ ಎಲ್ಲ ಹಳೆಯ ದಿಕ್ಕಿಗೇ ನಿಲ್ಲುತ್ತವೆ, ಥ್ರೋಟ್ 62 ಥೌ ಗಿಡ್ಡವಾಗುತ್ತದೆ. ಹಳೆಯ ರೀಮರ್‌ನಿಂದಲೇ, ಇಲ್ಲವೇ ಎಲ್ಲ ಕಡೆಯೂ ಅದಕ್ಕಿಂತ ಸಣ್ಣದಲ್ಲದ ರೀಮರ್‌ನಿಂದ ಕೊರೆಯಬೇಕು, ಇಲ್ಲದಿದ್ದರೆ ಹಳೆಯ ಚೇಂಬರಿನ ಗುರುತು ಉಳಿದುಬಿಡುತ್ತದೆ. ಬ್ಯಾರೆಲ್ ಅಷ್ಟೇ ಹಿಂದೆ ಸರಿಯುವುದರಿಂದ ಸ್ಟಾಕಿನ ಕಾಲುವೆಯಲ್ಲಿ ಸಂದಿ ಕಾಣಿಸಬಹುದು. ಕೂಲಿ ಹೆಚ್ಚುಕಡಿಮೆ ಹೊಸ ಚೇಂಬರ್ ಕೊರೆಸಿದಷ್ಟೇ.

ಗಿಡ್ಡ ಥ್ರೋಟ್‌ಗೂ ಒಂದು ಮಿತಿ ಇದೆ, ಅದು ಸುರಕ್ಷತೆಯದು. ಅಂಗಡಿಯಲ್ಲಿ ಸಿಗುವ ತೋಟಾಗಳನ್ನು ತಯಾರಿಸುವುದು ಸ್ಟ್ಯಾಂಡರ್ಡ್ ಚೇಂಬರಿನ ಅಳತೆ ನಂಬಿಕೊಂಡು. ಅದಕ್ಕಿಂತ ಗಿಡ್ಡ ಥ್ರೋಟ್‌ಗೆ ದಪ್ಪ ಮೂತಿಯ ಫ್ಯಾಕ್ಟರಿ ತೋಟಾ ಹಾಕಿದರೆ ಬುಲೆಟ್ ಏಣುಗಳಿಗೆ ಒತ್ತಿಕೊಂಡೇ ಕೂರಬಹುದು, ಪೂರ್ಣ ಲೋಡಿನಲ್ಲಿ ಒತ್ತಡ ಮಿತಿ ದಾಟುತ್ತದೆ. ರೈಫಲ್ ಎಂದಾದರೂ ಅಂಗಡಿಯ ತೋಟಾ ಹೊಡೆಯುವ ಸಂಭವ ಇದ್ದರೆ ಸ್ಟ್ಯಾಂಡರ್ಡ್‌ಗಿಂತ ಕೆಳಗೆ ಇಳಿಯಲೇಬೇಡಿ. ಇಳಿದಿದ್ದರೆ ಬ್ಯಾರೆಲ್ ಮೇಲೆ ಬರೀ ಕಾರ್ಟ್ರಿಜ್ ಹೆಸರು ಕೆತ್ತಿಸಿ ಬಿಡಬಾರದು. ಹೆಸರಿನ ಪಕ್ಕದಲ್ಲೇ ಫ್ರೀಬೋರ್ ಅಂಕಿ, ಫ್ಯಾಕ್ಟರಿ ತೋಟಾ ಬಳಸಬಾರದು ಎಂಬ ಮಾತು ಎರಡನ್ನೂ ಕೆತ್ತಿಸಿ. ಆ ರೈಫಲ್ ಮಗನಿಗೋ ಮಗಳಿಗೋ ಹೋಗುತ್ತದೆ, ಕೊನೆಗೊಮ್ಮೆ ಯಾರೋ ಅಪರಿಚಿತರು ಕೊಳ್ಳುತ್ತಾರೆ, ಅವರ ಕೈಯಲ್ಲಿರುವುದು ಬ್ಯಾರೆಲ್ ಮೇಲಿನ ಅಕ್ಷರ ಮಾತ್ರ. ರೀಮರ್ ಡ್ರಾಯಿಂಗ್‌ನ ಪ್ರತಿ, ಏಣು ತಾಗುವ ಅಳತೆ, ಅದನ್ನು ಅಳೆದ ಬುಲೆಟ್‌ನ ಹೆಸರು, ಲಾಟ್ ನಂಬರ್, ಒಂದು ಡಮ್ಮಿ ತೋಟಾ ಇಷ್ಟನ್ನೂ ಒಂದು ಪೊಟ್ಟಣ ಮಾಡಿ ರೈಫಲ್ ಪೆಟ್ಟಿಗೆಯಲ್ಲೇ ಇಡಿ. ನೂರು ಗುಂಡಿಗೊಮ್ಮೆ ಟಿಕ್ ಪರೀಕ್ಷೆ ಮಾಡಿ ಹೊಸ ಅಂಕಿಯನ್ನು ಅದೇ ಕಾಗದದಲ್ಲಿ ತಾರೀಕು ಹಾಕಿ ಬರೆಯಿರಿ. ಲಾಟ್ ಬದಲಾದರೆ ಲೋಡ್ ಮಾಡುವ ಮೊದಲು ಹಳೆಯ ಲಾಟ್‌ನ ಒಂದು ಬುಲೆಟ್ ಪಕ್ಕಕ್ಕಿಟ್ಟುಕೊಂಡು ಕಂಪೇರೇಟರ್‌ನಲ್ಲಿ ಹೋಲಿಸಿ ನೋಡಿ.